ಬೇಸ್ ನುಡಿಸಿದ್ದು ಯಾರು? ಲ್ಯಾರಿ ಯಂಗ್ ಅವರ 'ಯೂನಿಟಿ' ಕೇಳುವ ಮುನ್ನ

'ಯೂನಿಟಿ' ಎಂಬ ಜಾಝ್ ಆಲ್ಬಮ್ಮಿನಲ್ಲಿ ನುಡಿಸಿದವರು ನಾಲ್ಕೇ ಜನ. ಟ್ರಂಪೆಟ್ ವುಡಿ ಶಾ. ಟೆನರ್ ಸ್ಯಾಕ್ಸೊಫೋನ್ ಜೋ ಹೆಂಡರ್ಸನ್. ಡ್ರಮ್ಸ್ ಎಲ್ವಿನ್ ಜೋನ್ಸ್. ಆರ್ಗನ್ ಲ್ಯಾರಿ ಯಂಗ್, ಆಲ್ಬಮ್ ಇವರ ಹೆಸರಿನದು. ಬೇಸ್, ಅಂದರೆ ಎಲ್ಲಕ್ಕೂ ಅಡಿಪಾಯವಾದ ತಗ್ಗು ಸ್ವರಗಳನ್ನು, ನುಡಿಸಿದವರು ಯಾರು ಅಂತ ಹುಡುಕಿದರೆ ಹೆಸರು ಸಿಗುವುದಿಲ್ಲ. ಆದರೆ ಹಾಕಿ ಕೇಳಿ. ಕೆಳಗಡೆ ಒಂದು ದಪ್ಪ ದನಿ ಹೆಜ್ಜೆ ಹಾಕಿಕೊಂಡು ಹೋಗುತ್ತಲೇ ಇರುತ್ತದೆ.

ಮೊದಲ ಸಲ ಕೇಳಿದಾಗ ನನಗೆ ಇದು ಗೊತ್ತೇ ಆಗಲಿಲ್ಲ. ಈರುಳ್ಳಿ ಹೆಚ್ಚುತ್ತಾ ಫೋನಿನ ಸ್ಪೀಕರಿನಲ್ಲೇ ಹಾಕಿಕೊಂಡಿದ್ದೆ. ಫೋನ್ ಸ್ಪೀಕರಿನಲ್ಲಿ ಕೆಳಗಿನ ಸ್ವರಗಳು ಬರುವುದೇ ಇಲ್ಲ, ಅಲ್ವಾ? ಟ್ರಂಪೆಟ್ಟು, ಡ್ರಮ್ಮು ಮಾತ್ರ ಕೇಳಿಸಿತು. ಇದರಲ್ಲಿ ಅಂಥಾದ್ದೇನಿದೆ ಅಂತ ಬಿಟ್ಟುಬಿಟ್ಟೆ. ಕೆಲವು ದಿನ ಕಳೆದು ಹೆಡ್‌ಫೋನ್ ಹಾಕಿಕೊಂಡು ಕೇಳಿದಾಗ ಬೆಪ್ಪಾದೆ. ಮೊದಲು ಕೇಳಿದ್ದು ಅರ್ಧ ಆಲ್ಬಮ್ ಅಷ್ಟೇ.

ಇದರ ಧ್ವನಿಮುದ್ರಣ ನಡೆದದ್ದು 1965ರ ನವೆಂಬರ್ 10ರಂದು, ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ರೂಡಿ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ, ಒಂದೇ ದಿನದಲ್ಲಿ. ಬ್ಲೂ ನೋಟ್ ಎಂಬ ಲೇಬಲ್, ಅಂದರೆ ರೆಕಾರ್ಡ್ ಕಂಪನಿ, ಇದನ್ನು 1966ರಲ್ಲಿ ಹೊರತಂದಿತು. ಆರು ರಚನೆಗಳು, ಒಟ್ಟು ಸುಮಾರು 40 ನಿಮಿಷ. ಇವತ್ತು ಯಾರಾದರೂ ಆರ್ಗನ್ ಜಾಝ್‌ನ ಒಳ್ಳೆಯ ರೆಕಾರ್ಡುಗಳ ಪಟ್ಟಿ ಮಾಡಿದರೆ ಇದು ಅದರಲ್ಲಿ ಇದ್ದೇ ಇರುತ್ತದೆ, ಸಾಮಾನ್ಯವಾಗಿ ಮೇಲ್ಗಡೆಯೇ. ಆಲ್‌ಮ್ಯೂಸಿಕ್ ಎಂಬ ಸಂಗೀತ ವಿಮರ್ಶೆಯ ವೆಬ್‌ಸೈಟ್ ಇದಕ್ಕೆ 5ಕ್ಕೆ 5 ಕೊಟ್ಟಿದೆ. ಹೊಗಳಿಕೆಗೆ ಬರವಿಲ್ಲ. ಕಾರಣ ಹೇಳುವಾಗ ಮಾತ್ರ 'ಮೋಡಲ್', 'ಕ್ವಾರ್ಟಲ್' ಅಂತ ಎರಡು ಮಾತು ಎಸೆದು ಮುಂದೆ ಹೋಗಿಬಿಡುತ್ತಾರೆ. ಹೊಸದಾಗಿ ಕೇಳುವವರಿಗೆ ಇದರಿಂದ ಏನೂ ತಿಳಿಯುವುದಿಲ್ಲ.

ಗುಟ್ಟು ಇರುವುದು ಯಂಗ್ ಅವರ ಎಡಗೈಯಲ್ಲಿ. ಅದನ್ನು ಹಿಡಿದುಕೊಂಡು ಹೋದರೆ ಉಳಿದದ್ದೆಲ್ಲ ಒಂದೊಂದಾಗಿ ಬಿಡಿಸಿಕೊಳ್ಳುತ್ತದೆ. ಅದಕ್ಕೂ ಮುಂಚೆ ಆ ವಾದ್ಯ ಏನು ಅಂತ ನೋಡಬೇಕು. ಅದೊಂದು ವಿಚಿತ್ರ ಯಂತ್ರ.

ಗಡಿಯಾರದವರು ಮಾಡಿದ ವಾದ್ಯ

ನಮ್ಮಲ್ಲಿ ಆರ್ಗನ್ ಅಂದರೆ ಚರ್ಚು ನೆನಪಾಗುತ್ತದೆ, ಇಲ್ಲ ನಾಟಕ ಕಂಪನಿಗಳ ಕಾಲು ಹಾರ್ಮೋನಿಯಂ. ಎರಡರಲ್ಲೂ ಗಾಳಿ ಬೇಕು. ಹ್ಯಾಮಂಡ್ ಆರ್ಗನ್ನಿನಲ್ಲಿ ಗಾಳಿಗೆ ಕೆಲಸವೇ ಇಲ್ಲ.

ಲಾರೆನ್ಸ್ ಹ್ಯಾಮಂಡ್ ಗಡಿಯಾರದ ಕಂಪನಿ ನಡೆಸುತ್ತಿದ್ದ ಎಂಜಿನಿಯರ್. ಕರೆಂಟಿನ ಆವರ್ತನಕ್ಕೆ ತಕ್ಕಂತೆ, ಒಂದಿಷ್ಟೂ ಹಿಂದೆ ಮುಂದೆ ಆಗದೆ ತಿರುಗುವ ಮೋಟಾರನ್ನು ಅವರು ಗಡಿಯಾರಕ್ಕೆ ಹಾಕಿದ್ದರು. ಅಂಥದೇ ಮೋಟಾರಿನಿಂದ ಸ್ವರ ಹುಟ್ಟಿಸಿದರು. 1935ರಲ್ಲಿ ಮೊದಲ ಹ್ಯಾಮಂಡ್ ಆರ್ಗನ್ ಮಾರಾಟಕ್ಕೆ ಬಂತು. ಜಾಝ್‌ನವರು ಮೆಚ್ಚಿಕೊಂಡ ಬಿ-3 ಮಾಡೆಲ್ ಬಂದದ್ದು 1950ರ ದಶಕದ ಮಧ್ಯದಲ್ಲಿ.

ಬಿ-3ಯ ಹೊಟ್ಟೆಯೊಳಗೆ ಒಂದೇ ಮೋಟಾರಿನಿಂದ ತಿರುಗುವ 91 ಪುಟ್ಟ ಲೋಹದ ಚಕ್ರಗಳಿವೆ. ಅಂಚಿಗೆ ಹಲ್ಲುಗಳು. ಪ್ರತಿ ಚಕ್ರದ ಪಕ್ಕ ತಂತಿ ಸುತ್ತಿದ ಒಂದು ಆಯಸ್ಕಾಂತದ ಕಡ್ಡಿ. ಹಲ್ಲು ಹತ್ತಿರ ಬಂದು ದೂರ ಹೋದಂತೆಲ್ಲ ತಂತಿಯಲ್ಲಿ ಸಣ್ಣ ಕರೆಂಟು ಏರಿ ಇಳಿಯುತ್ತದೆ. ಆ ಏರಿಳಿತ ದೊಡ್ಡದಾಗಿ ಸ್ಪೀಕರಿಗೆ ಹೋದರೆ ಅದೇ ಸ್ವರ. ಕೀ ಒತ್ತಲಿ ಬಿಡಲಿ, ಚಕ್ರಗಳು ತಿರುಗುತ್ತಲೇ ಇರುತ್ತವೆ. ಕೀ ಒತ್ತುವುದು ಅಂದರೆ ನಲ್ಲಿ ತಿರುಗಿಸಿದ ಹಾಗೆ. ನೀರು ಆಗಲೇ ಬಾಗಿಲಿಗೆ ಬಂದು ನಿಂತಿರುತ್ತದೆ.

ಇಲ್ಲಿ ಒಂದು ತಮಾಷೆ ಇದೆ. ಅಮೆರಿಕದ ಕರೆಂಟು 60 ಹರ್ಟ್ಝ್, ನಮ್ಮದು 50. ಅಲ್ಲಿನ ಬಿ-3ಯನ್ನು ಬೆಂಗಳೂರಿಗೆ ತಂದು, ವೋಲ್ಟೇಜ್ ಸರಿಮಾಡಿ ಪ್ಲಗ್ಗಿಗೆ ಹಾಕಿದಿರಿ ಅಂದುಕೊಳ್ಳಿ. ಮೋಟಾರು ಆರಕ್ಕೆ ಐದರ ಲೆಕ್ಕದಲ್ಲಿ ನಿಧಾನ ಆಗುತ್ತದೆ. ಇಡೀ ವಾದ್ಯದ ಶ್ರುತಿ ಕುಸಿಯುತ್ತದೆ. ಮಧ್ಯದ ಸ ಒತ್ತಿದರೆ ಅದರ ಕೆಳಗಿನ ಧ ಕೇಳಿಸುತ್ತದೆ. ಸಂಗೀತದ ವಾದ್ಯವೊಂದು ವಿದ್ಯುತ್ ಗ್ರಿಡ್ಡಿಗೆ ಶ್ರುತಿ ಮಾಡಿಕೊಂಡು ಕೂತಿದೆ ಅನ್ನುವುದು ನನಗೆ ಇವತ್ತಿಗೂ ಮಜಾ ಕೊಡುವ ವಿಷಯ.

ಮೇಲೊಂದು ಕೆಳಗೊಂದು, 61 ಕೀಗಳ ಎರಡು ಸಾಲು. ಕಾಲಿಗೆ 25 ಪೆಡಲ್. ಕೈಗಳ ಮುಂದೆ ಎಳೆಯುವ ಕಡ್ಡಿಗಳ ಗುಂಪುಗಳು, ಒಂದೊಂದು ಗುಂಪಿನಲ್ಲಿ ಒಂಬತ್ತು. ಇವುಗಳಿಗೆ ಡ್ರಾಬಾರ್ ಅಂತ ಹೆಸರು. ಒಂದೊಂದು ಡ್ರಾಬಾರ್ ಎಳೆದಂತೆ ಮೂಲ ಸ್ವರದ ಜೊತೆಗೆ ಅದರ ಮೇಲಿನ ಸ್ವರಗಳು ಬೆರೆಯುತ್ತವೆ. ಎಷ್ಟು ಎಳೆಯಬೇಕು ಅನ್ನುವುದು ಸಾರಿಗೆ ಹುಳಿ, ಖಾರ ಹಾಕಿದ ಹಾಗೆ, ಅವರವರ ಕೈರುಚಿ. ಬೆಂಚು, ಪೆಡಲ್ ಎಲ್ಲಾ ಸೇರಿ ಇದರ ತೂಕ ಸುಮಾರು 190 ಕೆಜಿ. ಜೊತೆಗೆ ಲೆಸ್ಲಿ ಅನ್ನುವ ಬೀರುವಿನಂಥ ಸ್ಪೀಕರ್ ಬೇರೆ. ಅದರೊಳಗಿನ ಭಾಗಗಳು ಗಿರಗಿರ ತಿರುಗಿ ದನಿಯನ್ನು ಅಲುಗಿಸುತ್ತವೆ. ಬಿ-3 ನುಡಿಸುವವರಿಗೆ ಸಂಗೀತದ ಜೊತೆ ಒಂದು ವ್ಯಾನು, ನಾಲ್ಕು ಗಟ್ಟಿ ಆಳುಗಳು ಬೇಕಾಗುತ್ತಿದ್ದರು.

ಕೀ ಒತ್ತಿದ ಕ್ಷಣ ಒಂದು ಸಣ್ಣ 'ಟಿಕ್' ಸದ್ದು ಬರುತ್ತದೆ. ಒಳಗಿನ ಲೋಹದ ಸಂಪರ್ಕಗಳು ಕೂಡುವಾಗ ಆಗುವ ಸದ್ದು. ಕಂಪನಿಗೆ ಇದು ದೋಷ. ಜಾಝ್‌ನವರಿಗೆ ಅದೇ ಬೇಕಾಗಿತ್ತು. ತಾಳ ಚುರುಕಾಗಿ ಕೇಳಿಸುವುದು ಅದರಿಂದಲೇ.

ಬಾರಿನ ಸಂಗೀತ ಎಂಬ ಹಣೆಪಟ್ಟಿ

ಪೈಪ್ ಆರ್ಗನ್ ಕೊಳ್ಳುವಷ್ಟು ಹಣವಿಲ್ಲದ ಕರಿಯರ ಚರ್ಚುಗಳಿಗೆ ಹ್ಯಾಮಂಡ್ ಹೋಯಿತು. ಅಲ್ಲಿಂದ ಬಾರು, ಕ್ಲಬ್ಬುಗಳಿಗೆ ಬಂತು. ಕ್ಲಬ್ಬಿನ ಮಾಲೀಕರಿಗೂ ಇದು ಲಾಭದ ಬಾಬತ್ತೇ. ಆರ್ಗನ್ ನುಡಿಸುವವರೊಬ್ಬರು ಇದ್ದರೆ ಬೇಸ್‌ಗೆ ಬೇರೆಯವರಿಗೆ ಸಂಬಳ ಕೊಡಬೇಕಿಲ್ಲ. ಒಂದು ಡ್ರಮ್ಸ್, ಒಂದು ಗಿಟಾರ್ ಅಥವಾ ಸ್ಯಾಕ್ಸೊಫೋನ್ ಸೇರಿಸಿದರೆ ಮೂರೇ ಜನರಲ್ಲಿ ಇಡೀ ಹಾಲ್ ತುಂಬುವ ಸದ್ದು.

ಜಾಝ್‌ನಲ್ಲಿ ಇದಕ್ಕೆ ದಾರಿ ಹಾಕಿದವರು ಜಿಮ್ಮಿ ಸ್ಮಿತ್. 1956ರಲ್ಲಿ ಬ್ಲೂ ನೋಟ್‌ನಲ್ಲಿ ಅವರ ಮೊದಲ ಆಲ್ಬಮ್ ಬಂತು. ಬಲಗೈಯಲ್ಲಿ ಬಿರುಸಿನ ರಾಗದ ಎಳೆ, ಎಡಗೈಯಲ್ಲಿ ಬೇಸ್, ಕಾಲಲ್ಲಿ ಪೆಡಲ್ ತಟ್ಟಿ ಬೇಸ್‌ಗೆ ಒಂದು ಪೆಟ್ಟು. ಅಲ್ಲಿಂದ ಹತ್ತು ವರ್ಷ ಆರ್ಗನ್ ನುಡಿಸಿದವರೆಲ್ಲ ಹೆಚ್ಚುಕಮ್ಮಿ ಅವರ ನೆರಳಿನಲ್ಲೇ ಇದ್ದರು. ಬ್ಲೂಸ್, ಚರ್ಚಿನ ಭಜನೆಯ ಬಿಸಿ, ಮೈ ಕುಣಿಸುವ ತಾಳ. ಜನ ಮುಗಿಬಿದ್ದು ಕೇಳಿದರು.

ವಿಮರ್ಶಕರಲ್ಲಿ ಬಹಳ ಜನರಿಗೆ ಇದು ಅಷ್ಟಕ್ಕಷ್ಟೇ. ಆಗ ಜಾಝ್ ಕೂತು ಗಂಭೀರವಾಗಿ ಕೇಳುವ ಕಲೆ ಆಗುತ್ತಿದ್ದ ಕಾಲ. ಹೊಸ ದಾರಿ ಹಿಡಿದ ಸ್ಯಾಕ್ಸೊಫೋನ್ ವಾದಕರಾದ ಜಾನ್ ಕೋಲ್ಟ್ರೇನ್, ಆರ್ನೆಟ್ ಕೋಲ್ಮನ್ ಬಗ್ಗೆ ಪುಟಗಟ್ಟಲೆ ಚರ್ಚೆ. ಆರ್ಗನ್ ಅಂದರೆ ಕುಡಿದು ಕುಣಿಯುವವರ ಸಂಗೀತ ಎಂಬ ಹಣೆಪಟ್ಟಿ. ನಮ್ಮಲ್ಲೂ ಕೀಗಳಿರುವ ಪೆಟ್ಟಿಗೆಯ ಮೇಲೆ ಇಂಥ ಒಂದು ಮುನಿಸು ಇತ್ತು. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ಅನ್ನು ಹೊರಗಿಟ್ಟು, ದಶಕಗಳ ಕಾಲ ಒಳಗೆ ಬಿಟ್ಟುಕೊಳ್ಳಲಿಲ್ಲ. ಕಾರಣ ಬೇರೆ, ಅಲ್ಲಿನ ತಕರಾರು ಗಮಕ ಬರುವುದಿಲ್ಲ ಅನ್ನುವುದು. ಆದರೆ ವಾದ್ಯ ನೋಡಿಯೇ ಸಂಗೀತದ ದರ್ಜೆ ಕಟ್ಟುವ ಚಾಳಿ ಎರಡೂ ಕಡೆ ಒಂದೇ.

ಲ್ಯಾರಿ ಯಂಗ್ ಬೆಳೆದದ್ದು ಈ ಬಾರಿನ ಸಂಗೀತದಲ್ಲೇ. 1940ರಲ್ಲಿ ನ್ಯೂಜೆರ್ಸಿಯ ನ್ಯೂಅರ್ಕ್‌ನಲ್ಲಿ ಹುಟ್ಟಿದವರು. ತಂದೆಯೂ ಆರ್ಗನ್ ನುಡಿಸುತ್ತಿದ್ದರು. 1960ರ ಹೊತ್ತಿಗೆ, ಇಪ್ಪತ್ತು ವರ್ಷಕ್ಕೇ, ಪ್ರೆಸ್ಟೀಜ್ ಲೇಬಲ್‌ಗೆ ಆಲ್ಬಮ್ ಮಾಡತೊಡಗಿದರು. ಆ ಲೇಬಲ್‌ಗೆ ಮಾಡಿದ ಮೂರೂ ಆಲ್ಬಮ್ ಚೆನ್ನಾಗಿಯೇ ಇವೆ. ಆದರೆ ಕಣ್ಣು ಮುಚ್ಚಿ ಕೇಳಿದರೆ ಜಿಮ್ಮಿ ಸ್ಮಿತ್ ಅವರ ಒಳ್ಳೆಯ ಶಿಷ್ಯ ಅನ್ನಿಸುತ್ತದೆ, ಅಷ್ಟೇ.

ಆಮೇಲೆ ಕೋಲ್ಟ್ರೇನ್ ಅವರ ಸಂಗೀತ ತಲೆಗೆ ಹತ್ತಿತು. 1964ರ ಕೊನೆಯಲ್ಲಿ ಬ್ಲೂ ನೋಟ್‌ಗೆ 'ಇನ್‌ಟು ಸಮ್‌ಥಿನ್' ಮಾಡಿದರು. ಅದರಲ್ಲೂ ಡ್ರಮ್ಸ್ ಎಲ್ವಿನ್ ಜೋನ್ಸ್ ಅವರದೇ. ಅದೇ ಸುಮಾರಿಗೆ ಪ್ಯಾರಿಸ್ಸಿಗೆ ಹೋಗಿ ಅದೇ ನ್ಯೂಅರ್ಕ್‌ನ ಹುಡುಗ ವುಡಿ ಶಾ ಜೊತೆ ನುಡಿಸಿದರು. ಶಾ ಅವರನ್ನು ಪ್ಯಾರಿಸ್ಸಿಗೆ ಕರೆದಿದ್ದವರು ಸ್ಯಾಕ್ಸೊಫೋನ್ ವಾದಕ ಎರಿಕ್ ಡಾಲ್ಫಿ. ಡಾಲ್ಫಿ 1964ರ ಜೂನ್‌ನಲ್ಲಿ ಬರ್ಲಿನ್‌ನಲ್ಲಿ ತೀರಿಕೊಂಡರು. ಶಾ ಆದರೂ ಹೋದರು. 'ಯೂನಿಟಿ'ಯಲ್ಲಿ ಇಬ್ಬರ ನಡುವೆ ಇರುವ ಸಲುಗೆ ಆ ಪ್ಯಾರಿಸ್ ದಿನಗಳದು. ಧ್ವನಿಮುದ್ರಣದ ದಿನ ಶಾ ಅವರಿಗೆ ಇನ್ನೂ 21 ತುಂಬಿರಲಿಲ್ಲ. ಆರರಲ್ಲಿ ಮೂರು ರಚನೆ ಆ ಹುಡುಗನದು.

ಒಂದೇ ಕೈ ಉಳಿದಾಗ

ಈಗ ಎಡಗೈಗೆ ಬರೋಣ. ಪಿಯಾನೋ ಇರುವ ಜಾಝ್ ತಂಡದಲ್ಲಿ ಬೇಸ್ ನೋಡಿಕೊಳ್ಳಲು ಬೇರೆ ಜನ ಇರುತ್ತಾರೆ. ಟ್ರಂಪೆಟ್ ಸೋಲೊ, ಅಂದರೆ ಒಬ್ಬರೇ ಮುಂದಾಗಿ ನುಡಿಸುವುದು, ನಡೆಯುವಾಗ ಪಿಯಾನೋದವರು ಎರಡೂ ಕೈಯಲ್ಲಿ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಹಾಕಿ ಬೆಂಬಲ ಕೊಡಬಹುದು. ಯಂಗ್ ಅವರಿಗೆ ಆ ಸೌಲಭ್ಯ ಇಲ್ಲ. ಎಡಗೈ ಬೇಸ್‌ಗೆ ಕಟ್ಟಿಬಿದ್ದಿದೆ, ಬಿಡುವ ಹಾಗಿಲ್ಲ. ಬೆಂಬಲಕ್ಕೆ ಉಳಿದದ್ದು ಬಲಗೈ ಒಂದೇ. ಐದು ಬೆರಳಲ್ಲಿ ಮೂರೋ ನಾಲ್ಕೋ ಸ್ವರ.

ಇನ್ನೂ ಒಂದು ಕಷ್ಟ ಇದೆ. ಪಿಯಾನೋ ಸ್ವರ ಹುಟ್ಟಿದ ಕೂಡಲೇ ಕರಗಲು ಶುರುವಾಗುತ್ತದೆ. ಆರ್ಗನ್ ಸ್ವರ ಬೆರಳು ಎತ್ತುವ ತನಕ ಅಷ್ಟೇ ಗಟ್ಟಿಯಾಗಿ ನಿಂತಿರುತ್ತದೆ. ಸ್ವಲ್ಪ ಮೈಮರೆತರೂ ಮುಂದೆ ನುಡಿಸುತ್ತಿರುವವರ ಮೇಲೆ ಕಂಬಳಿ ಹೊದೆಸಿದ ಹಾಗೆ ಆಗುತ್ತದೆ. ಹಳೆಯ ಶೈಲಿಯ ಆರ್ಗನ್‌ನಲ್ಲಿ ಇದೇ ಖುಷಿ, ಕಂಬಳಿಯ ಬಿಸಿ. ಶಾ, ಹೆಂಡರ್ಸನ್ ಥರದವರಿಗೆ ಅದು ಉಸಿರು ಕಟ್ಟಿಸುತ್ತದೆ.

ಯಂಗ್ ಇದಕ್ಕೆ ಕಂಡುಕೊಂಡ ದಾರಿ ಕಾರ್ಡ್ ಕಟ್ಟುವ ರೀತಿಯಲ್ಲಿದೆ. ಸಾಮಾನ್ಯ ಕಾರ್ಡ್ ಅಂದರೆ ಸ, ಗ, ಪ. ಒಂದು ಬಿಟ್ಟು ಒಂದು ಸ್ವರ. ಅದರಲ್ಲಿ ಗ ಅನ್ನುವುದು ಮನೆಯ ಯಜಮಾನ. ದೊಡ್ಡ ಗ ಹಾಕಿದರೆ ಬೆಳಕಿನ ಭಾವ, ಸಣ್ಣ ಗ ಹಾಕಿದರೆ ಮಬ್ಬು. ಗ ಬಂದ ಕೂಡಲೇ ದಾರಿ ತೀರ್ಮಾನ ಆಗಿಬಿಡುತ್ತದೆ. ಈಗ ಹಾರ್ಮೋನಿಯಂ ಇದ್ದರೆ ಬೇರೊಂದು ಪ್ರಯೋಗ ಮಾಡಿ. ಸ ಒತ್ತಿ. ಅಲ್ಲಿಂದ ನಾಲ್ಕನೆಯ ಸ್ವರ ಶುದ್ಧ ಮಧ್ಯಮ. ಆ ಮಧ್ಯಮದಿಂದ ಮತ್ತೆ ನಾಲ್ಕನೆಯದು ಕೈಶಿಕಿ ನಿಷಾದ. ಸ, ಮ, ನಿ ಮೂರನ್ನೂ ಒಟ್ಟಿಗೆ ಒತ್ತಿ ಹಿಡಿಯಿರಿ. ಸಂತೋಷವೂ ಅಲ್ಲ, ದುಃಖವೂ ಅಲ್ಲ. ಕಿಟಕಿ ಬಾಗಿಲು ತೆಗೆದಿಟ್ಟ ಖಾಲಿ ಮನೆಯ ಹಾಗೆ ಒಂದು ತೆರಪು. ಬರಹಗಾರರು 'ಕ್ವಾರ್ಟಲ್' ಅನ್ನುವುದು ಇದಕ್ಕೇ. ಇದರ ಮೇಲೆ ಟ್ರಂಪೆಟ್ ಯಾವ ಗ ನುಡಿಸಿದರೂ ಜಗಳ ಇಲ್ಲ.

ಕೋಲ್ಟ್ರೇನ್ ತಂಡದಲ್ಲಿ ಪಿಯಾನೋ ನುಡಿಸುತ್ತಿದ್ದ ಮೆಕಾಯ್ ಟೈನರ್ ಈ ಕಾರ್ಡುಗಳಿಗೆ ಹೆಸರುವಾಸಿ. ಯಂಗ್ ಅದನ್ನು ಆರ್ಗನ್ನಿಗೆ ತಂದರು. ತಂದದ್ದಕ್ಕಿಂತ ಮುಖ್ಯ, ಆರ್ಗನ್ನಿಗೆ ಅದು ಹೇಗೆ ಒಪ್ಪಿತು ಅನ್ನುವುದು. ಇರುವುದು ಒಂದೇ ಕೈ, ಮೂರೇ ಸ್ವರ. ಅಷ್ಟರಲ್ಲೇ ಆಗುವ ಕಾರ್ಡ್ ಇದು. ಅದನ್ನೂ ಅವರು ಹಿಡಿದು ನಿಲ್ಲಿಸುವುದಿಲ್ಲ. ಚಕ್ಕನೆ ಒತ್ತಿ ಬಿಡುತ್ತಾರೆ. ಲೆಸ್ಲಿಯ ನಡುಕವೂ ಕಮ್ಮಿ, ದನಿಯೂ ಮೆತ್ತಗೆ. ವಾದ್ಯ ತಾನಾಗಿ ಮಾಡಬಯಸುವ ಅಬ್ಬರವನ್ನೆಲ್ಲ ತಡೆಹಿಡಿದು ನುಡಿಸುವುದು ಸುಮ್ನೆ ಮಾತಲ್ಲ.

ಸೋಲೊ ಮಾಡುವಾಗ ಯಂಗ್ ಮತ್ತು ಶಾ ಇಬ್ಬರೂ ಒಂದು ಆಟ ಆಡುತ್ತಾರೆ. ಐದು ಸ್ವರದ ಗುಂಪುಗಳು, ನಮ್ಮ ಮೋಹನ ರಾಗದ ಥರದವು. ಆ ಗುಂಪನ್ನು ಇದ್ದಕ್ಕಿದ್ದಂತೆ ಅರ್ಧ ಸ್ವರ ಮೇಲಕ್ಕೆ ಸರಿಸಿ ನುಡಿಸಿ, ಮತ್ತೆ ಮೊದಲ ಜಾಗಕ್ಕೆ ಇಳಿಯುವುದು. ಹಾಡುತ್ತಿದ್ದವರು ನಡುವೆ ಒಂದು ಸಾಲನ್ನು ಮಾತ್ರ ಬೇರೆ ಶ್ರುತಿಯಲ್ಲಿ ಹಾಡಿ ಏನೂ ಆಗಿಲ್ಲ ಅನ್ನುವ ಹಾಗೆ ವಾಪಸ್ ಬಂದರೆ ಹೇಗಿರುತ್ತದೆ? ಕಿವಿ ಒಂದು ಕ್ಷಣ ಬೆಚ್ಚುತ್ತದೆ. ಕೆಳಗೆ ಬೇಸ್ ಅಲ್ಲಾಡದೆ ಇರುವುದರಿಂದ ಬೀಳುವುದಿಲ್ಲ. ಯಂಗ್ ಅವರ ವಿಷಯದಲ್ಲಿ ಬೆಚ್ಚಿಸುವ ಬಲಗೈಯೂ, ಹಿಡಿದುಕೊಳ್ಳುವ ಎಡಗೈಯೂ ಒಬ್ಬರದೇ.

ಆರು ರಚನೆಗಳ ಒಳಗೆ

ಮೊದಲ ರಚನೆ 'ಝೋಲ್ಟಾನ್'. ಸ್ನೇರ್ ಡ್ರಮ್ಮಿನ ಮೇಲೆ ಪೆರೇಡಿನ ತಾಳ, ಅದರ ಮೇಲೆ ಟ್ರಂಪೆಟ್ ಮತ್ತು ಸ್ಯಾಕ್ಸೊಫೋನ್ ಸಿಪಾಯಿಗಳ ಮೆರವಣಿಗೆಯ ಹಾಡಿನಂಥದ್ದನ್ನು ನುಡಿಸುತ್ತವೆ. ಆರ್ಗನ್ ಆಲ್ಬಮ್ ಅಂತ ಹಾಕಿದವರಿಗೆ ಇದೇನಪ್ಪಾ ಅನ್ನಿಸಬೇಕು. ಆ ರಾಗದ ತುಣುಕು ಹಂಗೇರಿಯ ಸಂಯೋಜಕ ಝೋಲ್ಟಾನ್ ಕೊಡಾಯ್ ಅವರ 'ಹಾರಿ ಯಾನೋಶ್' ಎಂಬ ವಾದ್ಯವೃಂದದ ರಚನಾಮಾಲೆಯದು. ಹಾರಿ ಯಾನೋಶ್ ಒಬ್ಬ ಹಳೇ ಸಿಪಾಯಿ, ನೆಪೋಲಿಯನ್ನನ್ನು ನಾನೊಬ್ಬನೇ ಸೋಲಿಸಿದೆ ಅಂತ ಹೆಂಡದಂಗಡಿಯಲ್ಲಿ ಕೂತು ಬುರುಡೆ ಬಿಡುವವನು. ಶಾ ಅದನ್ನು ಎತ್ತಿಕೊಂಡು ಕೊಡಾಯ್ ಹೆಸರನ್ನೇ ರಚನೆಗೆ ಇಟ್ಟರು. ಮೆರವಣಿಗೆ ಮುಗಿದದ್ದೇ ಜೋನ್ಸ್ ಕಟ್ಟು ಬಿಚ್ಚಿದ ಹಾಗೆ ಡ್ರಮ್ಸ್ ಮೇಲೆ ಹರಿಯುತ್ತಾರೆ. ನಾಲ್ಕರ ನಡೆಯ ಮೇಲೆ ಮೂರರ ಪೆಟ್ಟುಗಳು. ಚತುರಶ್ರದ ಮೇಲೆ ತಿಶ್ರ ಕೇಳಿ ಅಭ್ಯಾಸ ಇರುವ ಕಿವಿಗೆ ಇದು ಬೇಗ ಹಿಡಿಸುತ್ತದೆ.

ನನಗೆ ತುಂಬ ಇಷ್ಟವಾದದ್ದು ಎರಡನೆಯದು, ಪಿಯಾನೋ ವಾದಕ ಥೆಲೋನಿಯಸ್ ಮಂಕ್ ಅವರ 'ಮಂಕ್ಸ್ ಡ್ರೀಮ್'. ಇಲ್ಲಿ ಟ್ರಂಪೆಟ್ ಇಲ್ಲ, ಸ್ಯಾಕ್ಸೊಫೋನ್ ಇಲ್ಲ. ಯಂಗ್ ಮತ್ತು ಜೋನ್ಸ್ ಇಬ್ಬರೇ. ಈ ಲೇಖನದಲ್ಲಿ ಹೇಳಿದ್ದನ್ನೆಲ್ಲ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಒಂದು ಸಲ ಬಲಗೈ ಮಾತ್ರ ಕೇಳಿ. ಇನ್ನೊಂದು ಸಲ ಮೇಲಿನದ್ದನ್ನೆಲ್ಲ ಬಿಟ್ಟು ಎಡಗೈ ಮಾತ್ರ ಹಿಂಬಾಲಿಸಿ. ಬಲಗೈ ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಸುಮ್ಮನಾಗುತ್ತದೆ. ಆ ಖಾಲಿ ಜಾಗಕ್ಕೆ ಜೋನ್ಸ್ ಉರುಳಿಕೊಂಡು ಬರುತ್ತಾರೆ. ಎಡಗೈ ಮಾತ್ರ, ಇಬ್ಬರಿಗೂ ಸಂಬಂಧ ಇಲ್ಲದವರ ಹಾಗೆ, ತನ್ನ ಪಾಡಿಗೆ ನಡೆಯುತ್ತಿರುತ್ತದೆ. ಒಬ್ಬರೇ ಮನುಷ್ಯ ಅಂತ ನಂಬಲು ನನಗೆ ಇನ್ನೂ ಕಷ್ಟ.

'ಇಫ್' ಹೆಂಡರ್ಸನ್ ಅವರ ಬ್ಲೂಸ್. ಚುರುಕಾಗಿದೆ, ಅಷ್ಟು ಸಾಕು.

'ದ ಮೂನ್‌ಟ್ರೇನ್' ಶಾ ತಮ್ಮ ಹದಿನೆಂಟರ ಆಸುಪಾಸಿನಲ್ಲಿ ಕಟ್ಟಿದ್ದು. ಹೆಸರಿನ ಬಾಲದಲ್ಲೇ ಕೋಲ್ಟ್ರೇನ್ ಇದ್ದಾರೆ. ಕಾರ್ಡುಗಳು ಬೇಗ ಬೇಗ ಮನೆ ಬದಲಿಸುತ್ತವೆ. ಆದರೂ ಮೇಲಿನ ರಾಗ ಗುನುಗುವ ಹಾಗಿದೆ. ಈ ಆಲ್ಬಮ್ಮಿನಿಂದ ಹೊರಗೆ ಹೋಗಿ ಬೇರೆ ಬೇರೆಯವರ ಕೈಯಲ್ಲಿ ಓಡಾಡಿದ್ದೂ ಇದೇ. ಶಾ 1970ರ ದಶಕದಲ್ಲಿ ತಮ್ಮ ಒಂದು ಆಲ್ಬಮ್ಮಿಗೆ ಇದೇ ಹೆಸರು ಕೊಟ್ಟರು.

ಐದನೆಯದು 'ಸಾಫ್ಟ್ಲಿ, ಆ್ಯಸ್ ಇನ್ ಎ ಮಾರ್ನಿಂಗ್ ಸನ್‌ರೈಸ್', 1928ರ ಒಂದು ಅಪೆರೆಟಾದ (ಹಗುರವಾದ ಸಂಗೀತ ನಾಟಕ) ಹಾಡು. ಇಲ್ಲಿ ಡ್ರಮ್ಸ್ ಕಡೆ ಕಿವಿ ಇಡಿ. 1957ರಲ್ಲಿ ಸ್ಯಾಕ್ಸೊಫೋನ್ ವಾದಕ ಸೋನಿ ರಾಲಿನ್ಸ್ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಈ ಹಾಡು ನುಡಿಸಿದಾಗ ಡ್ರಮ್ಸ್ ಎಲ್ವಿನ್ ಜೋನ್ಸ್. 1961ರಲ್ಲಿ ಕೋಲ್ಟ್ರೇನ್ ಅದೇ ಕ್ಲಬ್ಬಿನಲ್ಲಿ ನುಡಿಸಿದಾಗಲೂ ಅವರೇ. ಎರಡೂ ಹೆಸರಾದ ಧ್ವನಿಮುದ್ರಣಗಳು. ಯಂಗ್ ಇದನ್ನು ಎತ್ತಿಕೊಂಡಾಗ ಅದರ ಹಳೆಯ ಕಥೆಯೆಲ್ಲ ಗೊತ್ತಿದ್ದ ಮನುಷ್ಯ ಪಕ್ಕದಲ್ಲೇ ಕೂತಿದ್ದರು. ಮೂರನ್ನೂ ಒಂದರ ಹಿಂದೆ ಒಂದು ಕೇಳಿದರೆ ಒಬ್ಬ ಡ್ರಮ್ಮರ್ ಎಂಟು ವರ್ಷದಲ್ಲಿ ಎಲ್ಲಿಂದ ಎಲ್ಲಿಗೆ ಬಂದರು ಅಂತ ಕಾಣುತ್ತದೆ.

ಕೊನೆಯ 'ಬಿಯಾಂಡ್ ಆಲ್ ಲಿಮಿಟ್ಸ್' ಮತ್ತೆ ಶಾ ಅವರದು. ವೇಗ ಜಾಸ್ತಿ. ನನಗೆ ಇದು ಸಂಗೀತಗಾರರು ಸಂಗೀತಗಾರರಿಗಾಗಿ ನುಡಿಸಿದ್ದು ಅನ್ನಿಸುತ್ತದೆ. ಮೆಚ್ಚುತ್ತೇನೆ, ಆದರೆ ಮತ್ತೆ ಮತ್ತೆ ಹಾಕುವುದಿಲ್ಲ.

ವಿಮರ್ಶಕರು ಬಂದ ದಾರಿ

ಈ ಪಟ್ಟಿ ನೋಡಿ ಒಂದು ಪ್ರಶ್ನೆ ಏಳುತ್ತದೆ. ಮೂರು ಶಾ ಅವರವು, ಒಂದು ಹೆಂಡರ್ಸನ್ ಅವರದು, ಒಂದು ಮಂಕ್ ಅವರದು, ಒಂದು ಹಳೆಯ ಹಾಡು. ಲ್ಯಾರಿ ಯಂಗ್ ಬರೆದದ್ದು ಒಂದೂ ಇಲ್ಲ. ಹಾಗಾದರೆ ಇದು ಯಾರ ಆಲ್ಬಮ್?

ಇದಕ್ಕೆ ಹೆಸರೇ ಉತ್ತರ ಕೊಡುತ್ತದೆ. ಎಲ್ಲರೂ ಅವರವರ ದಾರಿಯ ಜನ, ಆದರೂ ಎಲ್ಲರ ಮನಸ್ಥಿತಿ ಒಂದೇ ಆಗಿತ್ತು, ಅದಕ್ಕೇ ಈ ಹೆಸರು ಅಂತ ಯಂಗ್ ಆಗ ಹೇಳಿದ್ದರು. ರೀಡ್ ಮೈಲ್ಸ್ ಮಾಡಿದ ಮುಖಪುಟವೂ ಅದನ್ನೇ ಹೇಳುತ್ತದೆ. ನಾಯಕನ ಫೋಟೋ ಇಲ್ಲ. 'ಯೂನಿಟಿ' ಅನ್ನುವ ಇಂಗ್ಲಿಷ್ ಪದದ ದೊಡ್ಡ ಮೊದಲ ಅಕ್ಷರದ ಬಟ್ಟಲಿನಲ್ಲಿ ನಾಲ್ಕು ಕಿತ್ತಳೆ ಬಣ್ಣದ ಬೊಟ್ಟುಗಳು. ಆರ್ಗನ್ ಆಲ್ಬಮ್ ಅಂದರೆ ಆರ್ಗನ್ ದೊರೆ, ಉಳಿದವರು ಪರಿವಾರ ಅನ್ನುವ ರೂಢಿಯಿತ್ತು. ಇಲ್ಲಿ ಆರ್ಗನ್ ನೆಲ ಆಗಿದೆ. ನೆಲ ಕಾಣುವುದು ಕೊನೆಗೆ, ಅಲ್ವಾ? ಈ ಆಲ್ಬಮ್ಮಿನ ಮೆಚ್ಚುಗೆ ನಿಧಾನವಾಗಿ ಬೆಳೆದದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅಂದಾಜು. ಬಾರಿನ ಜೂಕ್‌ಬಾಕ್ಸಿಗೆ ಆಗುವಂಥ ಒಂದು ಹಾಡೂ ಇದರಲ್ಲಿ ಇರಲಿಲ್ಲ. ಗಂಭೀರ ಜಾಝ್ ಕೇಳುವವರಿಗೆ ಆರ್ಗನ್ ಅಂದರೆ ಅಲರ್ಜಿ. ಎರಡು ಮನೆಯ ನಡುವೆ ಸಿಕ್ಕಿಕೊಂಡ ರೆಕಾರ್ಡು.

ಯಂಗ್ ಬಗ್ಗೆ ಎಲ್ಲರೂ ಎತ್ತಿ ಹೇಳುವ ಒಂದು ಮಾತಿದೆ: 'ಆರ್ಗನ್ನಿನ ಕೋಲ್ಟ್ರೇನ್'. ಇದನ್ನು ಹೇಳಿದವರು ಜ್ಯಾಕ್ ಮೆಕ್‌ಡಫ್ ಎನ್ನುತ್ತಾರೆ. ಮೆಕ್‌ಡಫ್ ಸ್ವತಃ ಹಳೆಯ ಬಿಸಿ ಶೈಲಿಯ ದೊಡ್ಡ ಆರ್ಗನ್ ವಾದಕ. ಒಬ್ಬ ಆರ್ಗನ್ನಿನವರು ಇನ್ನೊಬ್ಬರಿಗೆ ಕೊಟ್ಟ ಮಾತು ಅನ್ನುವ ಕಾರಣಕ್ಕೆ ಅದಕ್ಕೆ ತೂಕ ಇದೆ. ಆದರೆ ವಿಮರ್ಶಕರು ಅದನ್ನೇ ಉರು ಹೊಡೆದಾಗ ನನಗೆ ಸ್ವಲ್ಪ ಕಿರಿಕಿರಿ. ಆರ್ಗನ್ ಗೌರವಕ್ಕೆ ಯೋಗ್ಯ ಆಗಬೇಕಾದರೆ ಸ್ಯಾಕ್ಸೊಫೋನ್ ಹೆಸರು ಸೇರಿಸಲೇಬೇಕಾ? ಕೋಲ್ಟ್ರೇನ್ ಸ್ವರಗಳನ್ನು ರಾಶಿ ರಾಶಿ ಸುರಿಯುತ್ತಿದ್ದರು. 'ಯೂನಿಟಿ'ಯ ಯಂಗ್ ಜಾಗ ಬಿಟ್ಟು ನುಡಿಸುತ್ತಾರೆ. ಆ ಹೋಲಿಕೆ ಬಲಗೈಗೆ ಅಲ್ಪಸ್ವಲ್ಪ ಹೊಂದಬಹುದು. ಎಡಗೈಯನ್ನು ಅದು ನೋಡಿಯೇ ಇಲ್ಲ.

ಮರುಮೌಲ್ಯಮಾಪನಕ್ಕೆ ಯಂಗ್ ಅವರ ನಂತರದ ದಿನಗಳೂ ಸಹಾಯ ಮಾಡಿದವು. 1969ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 'ಬಿಚಸ್ ಬ್ರೂ' ಆಲ್ಬಮ್ಮಿನಲ್ಲಿ ಎಲೆಕ್ಟ್ರಿಕ್ ಪಿಯಾನೋ ನುಡಿಸಿದರು. ಅದೇ ವರ್ಷ ಡ್ರಮ್ಮರ್ ಟೋನಿ ವಿಲಿಯಮ್ಸ್ ಅವರ 'ಲೈಫ್‌ಟೈಮ್' ತಂಡ ಸೇರಿದರು. ಗಿಟಾರ್‌ನಲ್ಲಿ ಜಾನ್ ಮೆಕ್‌ಲಾಫ್ಲಿನ್, ಮುಂದೆ ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಅವರ ಜೊತೆ 'ಶಕ್ತಿ' ತಂಡ ನಡೆಸಿದವರು. ಲೈಫ್‌ಟೈಮ್‌ನ ರಾಕ್ ಅಬ್ಬರದಲ್ಲಿ ಯಂಗ್ ಮೋಡದ ಹಾಗೆ ಹಬ್ಬಿಕೊಂಡಿರುತ್ತಾರೆ, 'ಯೂನಿಟಿ'ಗೆ ತದ್ವಿರುದ್ಧ. ರಾಕ್ ಗಿಟಾರಿನ ಜಿಮಿ ಹೆಂಡ್ರಿಕ್ಸ್ ಜೊತೆಗೂ ನುಡಿಸಿದರು. ಅವರ 1973ರ ಆಲ್ಬಮ್ 'ಲಾರೆನ್ಸ್ ಆಫ್ ನ್ಯೂಅರ್ಕ್' ಪಟ್ಟು ಹಿಡಿದು ಕೇಳಿದವರಿಗೆ ಮಾತ್ರ ದಾರಿ ಸಿಗುವ ಕಾಡು. ಅದಾದ ಮೇಲಿನ ಎರಡು ಫಂಕ್ ಆಲ್ಬಮ್‌ಗಳನ್ನು ಹೊಗಳಿದವರು ಕಡಿಮೆ. 1978ರ ಮಾರ್ಚ್‌ನಲ್ಲಿ ತೀರಿಕೊಂಡಾಗ ಅವರಿಗೆ 37.

1991ರಲ್ಲಿ ಮೊಸಾಯಿಕ್ ಎಂಬ ಲೇಬಲ್ ಅವರ ಬ್ಲೂ ನೋಟ್ ಧ್ವನಿಮುದ್ರಣಗಳನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿ ತಂದಿತು. ಆಗ 'ಯೂನಿಟಿ'ಯ ಹಿಂದೆ ಏನಿತ್ತು, ಮುಂದೆ ಏನಾಯಿತು ಅನ್ನುವುದನ್ನು ಸಾಲಾಗಿ ಕೇಳಲು ಸಾಧ್ಯವಾಯಿತು. 2016ರಲ್ಲಿ ಫ್ರೆಂಚ್ ರೇಡಿಯೋದ ಹಳೆಯ ಟೇಪುಗಳು ಹೊರಬಂದವು, ಶಾ ಜೊತೆಗಿನ ಪ್ಯಾರಿಸ್ ದಿನಗಳವು. 'ಝೋಲ್ಟಾನ್', 'ಬಿಯಾಂಡ್ ಆಲ್ ಲಿಮಿಟ್ಸ್' ಥರದ ರಚನೆಗಳು ಸ್ಟುಡಿಯೋದಲ್ಲಿ ಧಿಡೀರನೆ ಹುಟ್ಟಿದ್ದಲ್ಲ, ಅಲ್ಲಿನ ವೇದಿಕೆಗಳಲ್ಲಿ ನುರಿದು ಬಂದವು ಅಂತ ಅದರಿಂದ ತಿಳಿಯಿತು. ಒಂದೇ ದಿನದಲ್ಲಿ ಇಷ್ಟು ಬಿಗಿಯಾದ ಆಲ್ಬಮ್ ಹೇಗಾಯಿತು ಅನ್ನುವುದಕ್ಕೆ ಅರ್ಧ ಉತ್ತರ ಅಲ್ಲಿದೆ.

ಕೇಳಬೇಕು ಅನ್ನಿಸಿದರೆ ಮೊದಲಿನಿಂದ ಶುರು ಮಾಡಬೇಡಿ. 'ಝೋಲ್ಟಾನ್' ಮೊದಲ ಸಲಕ್ಕೆ ಸ್ವಲ್ಪ ಗದ್ದಲ ಅನ್ನಿಸಬಹುದು. 'ಮಂಕ್ಸ್ ಡ್ರೀಮ್' ಹಾಕಿ, ಸುಮಾರು ಆರು ನಿಮಿಷ. ಆಮೇಲೆ 'ಸಾಫ್ಟ್ಲಿ', ಆಮೇಲೆ 'ಮೂನ್‌ಟ್ರೇನ್'. ಅಷ್ಟು ಹೊತ್ತಿಗೆ ಎಡಗೈ ಎಲ್ಲಿದೆ ಅಂತ ಕಿವಿಗೆ ಗೊತ್ತಾಗಿರುತ್ತದೆ. ಫೋನ್ ಸ್ಪೀಕರ್ ಮಾತ್ರ ಬೇಡ. ಈರುಳ್ಳಿ ಆಮೇಲೆ ಹೆಚ್ಚಿಕೊಳ್ಳಬಹುದು.